ಅಜ್ಜಿಯ ಬೆಂಡೋಲೆಯ ಕೆಂಪು: ಬಿದ್ದ ಹರಳಿಗೆ ಜೋಡಿ ಹುಡುಕುವ ಮೊದಲು

ಪ್ರಶ್ನೆ: ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನನಗೆ ಬಂದ ಏಳು ಹರಳಿನ ಕೆಂಪಿನ ಬೆಂಡೋಲೆ ಇದೆ. ಎರಡೂ ಕಿವಿಯದ್ದು ಸೇರಿ ಮೂರು ಹರಳು ಬಿದ್ದುಹೋಗಿವೆ. ಉಳಿದವುಗಳಲ್ಲಿ ಎರಡು ಕಪ್ಪಾಗಿವೆ. ಕಾಸರಗೋಡಿನ ಒಂದು ಅಂಗಡಿಯಲ್ಲಿ ಕ್ಯಾರೆಟ್ಟಿಗೆ 400 ರೂಪಾಯಿಯ ಮಾಣಿಕ್ಯ ತೋರಿಸಿದರು, ಮಂಗಳೂರಿನಲ್ಲಿ 9,000 ಎಂದರು. ಇಬ್ಬರೂ ಹೇಳುವುದು 'ಒರಿಜಿನಲ್' ಅಂತಲೇ. ಕಣ್ಣಿಗೆ 400ರದ್ದೇ ಹೆಚ್ಚು ಕೆಂಪಾಗಿ ಕಂಡಿತು. ಬಣ್ಣವನ್ನೂ ಗುಣವನ್ನೂ ಹೇಗೆ ತಿಳಿಯುವುದು, ಯಾವುದನ್ನು ಹಾಕಿಸುವುದು?
(ಓದುಗರು, ಪೆರ್ಲ)

ಉತ್ತರ:

ಮೊದಲು 'ಒರಿಜಿನಲ್' ಎಂಬ ಮಾತನ್ನು ಬದಿಗಿಡಿ. ಆ ಒಂದು ಶಬ್ದದೊಳಗೆ ಮೂರು ಬೇರೆ ಬೇರೆ ಪ್ರಶ್ನೆಗಳು ಅಡಗಿವೆ. ಈ ಹರಳು ಮಾಣಿಕ್ಯವೋ ಬೇರೆ ಕೆಂಪುಕಲ್ಲೋ? ಮಾಣಿಕ್ಯವೇ ಆದರೆ ಭೂಮಿಯಿಂದ ಬಂದದ್ದೋ ಕುಲುಮೆಯಿಂದ ಬಂದದ್ದೋ? ಭೂಮಿಯಿಂದ ಬಂದದ್ದಾದರೆ ಆಮೇಲೆ ಅದಕ್ಕೆ ಏನೇನು ಮಾಡಿದ್ದಾರೆ? ಮೂರಕ್ಕೂ ಬಿಡಿಬಿಡಿಯಾಗಿ ಉತ್ತರ ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬಣ್ಣದ ಲೆಕ್ಕ ಅದರ ನಂತರದ್ದು. ಹಾಗೆಯೇ, ಅಂಗಡಿಯ ಹರಳನ್ನು ಪರೀಕ್ಷಿಸುವ ಮೊದಲು ನಿಮ್ಮ ಬೆಂಡೋಲೆಯಲ್ಲಿ ಉಳಿದಿರುವ ಹನ್ನೊಂದು ಹರಳು ಯಾವುದೆಂದು ತಿಳಿಯಬೇಕು. ಜೋಡಿ ಹುಡುಕುವುದು ಅವುಗಳಿಗೆ ತಾನೆ.

ಅಜ್ಜಿಯ ಕಾಲದ್ದು, ಹಾಗಾಗಿ ಅಸಲಿ ಬರ್ಮಾ ಕೆಂಪೇ ಇರಬೇಕು ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ಒಡವೆಯ ವಯಸ್ಸು ಹರಳಿನ ಜಾತಿಗೆ ಸಾಕ್ಷಿಯಲ್ಲ. ಫ್ರಾನ್ಸಿನ ಒಗುಸ್ತ್ ವೆರ್ನೊಯ್ 1902ರಲ್ಲೇ ಕುಲುಮೆಯ ಮಾಣಿಕ್ಯದ ವಿಧಾನ ಪ್ರಕಟಿಸಿದ್ದ. ಅಲ್ಯುಮಿನಾದ ಪುಡಿಗೆ ಒಂಚೂರು ಕ್ರೋಮಿಯಂ ಆಕ್ಸೈಡ್ ಸೇರಿಸಿ ಹೈಡ್ರೋಜನ್–ಆಮ್ಲಜನಕದ ಉರಿಯ ಮೂಲಕ ಉದುರಿಸುತ್ತಾರೆ. ಸುಮಾರು 2,050 ಡಿಗ್ರಿಯಲ್ಲಿ ಕರಗಿ ಬಿದ್ದ ಹನಿಗಳು ಕೆಳಗೆ ಒಂದರ ಮೇಲೊಂದು ಗಟ್ಟಿಯಾಗುತ್ತ ಕೆಲವೇ ಗಂಟೆಗಳಲ್ಲಿ ಮೂಲಂಗಿಯ ಆಕಾರದ ಗಟ್ಟಿ ಬೆಳೆಯುತ್ತದೆ. ನಮ್ಮ ಅಜ್ಜಿಯಂದಿರ ಮದುವೆಯ ಹೊತ್ತಿಗೆ ಈ ಹರಳು ಪೇಟೆಯಲ್ಲಿ ಧಾರಾಳವಾಗಿತ್ತು. ಅಂದಿನ ಚಿನ್ನದ ಕೆಲಸದವರು ಮೋಸ ಮಾಡಿದರು ಎಂದು ಅರ್ಥವಲ್ಲ. ಒಂದೇ ಅಳತೆಯ, ಒಂದೇ ಬಣ್ಣದ ಹದಿನಾಲ್ಕು ಹರಳು ಬೇಕೆಂದಾಗ ಇದು ಸುಲಭವಾಗಿ ಸಿಗುತ್ತಿತ್ತು. ಅದಕ್ಕೂ ಹಿಂದಿನ ಒಡವೆಗಳಲ್ಲಿ ಮಾಣಿಕ್ಯದ ಜೊತೆಗೆ ಸ್ಪಿನೆಲ್, ಗಾರ್ನೆಟ್ ಎಂಬ ಬೇರೆ ಜಾತಿಯ ಕೆಂಪುಕಲ್ಲುಗಳು, ಕೆಂಪು ಗಾಜು ಎಲ್ಲವೂ 'ಕೆಂಪು' ಎಂಬ ಒಂದೇ ಹೆಸರಿನಲ್ಲಿ ಕೂತಿರುವುದುಂಟು. ಇಂಗ್ಲೆಂಡಿನ ರಾಜಕಿರೀಟದ ಹೆಸರಾಂತ 'ಬ್ಲ್ಯಾಕ್ ಪ್ರಿನ್ಸ್ ಮಾಣಿಕ್ಯ'ವೇ ಸ್ಪಿನೆಲ್ ಆಗಿರುವಾಗ ಬೆಂಡೋಲೆಯದ್ದೇನು ದೊಡ್ಡ ಮಾತು!

ಕಪ್ಪಾದ ಎರಡು ಹರಳಿನ ಬಗ್ಗೆ ಗಾಬರಿ ಬೇಡ. ಮಾಣಿಕ್ಯ ಎಷ್ಟೇ ಹಳತಾದರೂ ಕಪ್ಪಾಗುವುದಿಲ್ಲ. ಕಪ್ಪಾಗಿರುವುದು ಅದರ ಬೆನ್ನು. ಹಳೆಯ ಬೆಂಡೋಲೆಯಲ್ಲಿ ಹರಳನ್ನು ಬೆನ್ನು ಮುಚ್ಚಿ ಕಟ್ಟುತ್ತಿದ್ದರು: ಗೂಡಿನಲ್ಲಿ ಅರಗು, ಅದರ ಮೇಲೆ ಹೊಳೆಯುವ ತೆಳು ತಗಡು, ಅದರ ಮೇಲೆ ಹರಳು, ಸುತ್ತ ಒತ್ತಿದ ಚಿನ್ನ. ಬೆಳಕು ಹರಳಿನೊಳಗೆ ಹೋಗಿ ತಗಡಿಗೆ ಬಡಿದು ಹಿಂದಿರುಗುವಾಗ ಬಣ್ಣ ದುಪ್ಪಟ್ಟು ಕಾಣುತ್ತದೆ. ನಮ್ಮೂರಿನ ಮಳೆಗಾಲದ ತೇವ, ತಲೆಗೆ ಹಚ್ಚಿದ ತೆಂಗಿನೆಣ್ಣೆ, ಬೆವರು, ಸ್ನಾನದ ನೀರು ಇಷ್ಟೂ ಚಿನ್ನದ ಅಂಚಿನ ಸಂದಿಯಿಂದ ಒಳಗಿಳಿದರೆ ತಗಡು ಕಲೆಗಟ್ಟುತ್ತದೆ, ಮೇಲಿಂದ ಹರಳೇ ಸತ್ತಂತೆ ಕಾಣುತ್ತದೆ. ಆ ಹರಳನ್ನು ಬಿಚ್ಚಿ, ತೊಳೆದು, ಹೊಸ ತಗಡಿನ ಮೇಲೆ ಕೂರಿಸಿದರೆ ಮೊದಲಿನ ಹಾಗೇ ಆಗುತ್ತದೆ. 'ಇದು ಹೋಯಿತು, ಬೇರೆ ಹಾಕುವ' ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಹಾಗಾಗಿ ಕೆಲಸ ಶುರುವಾಗುವುದು ಅನುಭವವಿರುವ ಆಚಾರಿಯವರ ಹತ್ತಿರ. ಕಪ್ಪಾದ ಎರಡು ಹರಳನ್ನು ನಿಮ್ಮ ಕಣ್ಣೆದುರೇ ಬಿಚ್ಚಿಸಿ. ಅರಗನ್ನು ಸ್ವಲ್ಪ ಬಿಸಿ ಮಾಡಿ ಮೆತ್ತಗೆ ಮಾಡಿ, ಅಂಚಿನ ಚಿನ್ನವನ್ನು ಮೆಲ್ಲ ಎಬ್ಬಿಸಿದರೆ ಹರಳು ಹೊರಗೆ ಬರುತ್ತದೆ. ಬಿಚ್ಚಿದ ಹರಳಿನ ನಿಜಬಣ್ಣ ಕಟ್ಟಿದಾಗಿನದ್ದಕ್ಕಿಂತ ತೆಳುವಾಗಿ ಕಂಡರೆ ಹೆದರಬೇಡಿ, ತಗಡಿನ ಸಹಾಯ ಹೋಗಿದೆ ಅಷ್ಟೆ.

ಆ ಬಿಡಿ ಹರಳಿನ ಮೇಲೆ ಮನೆಯಲ್ಲೇ ಮಾಡಬಹುದಾದ ನಾಲ್ಕು ಪರೀಕ್ಷೆಗಳಿವೆ. ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ಒಂದು ಬೇಕು. ಮೊದಲು ಪಟ್ಟೆಗಳ, ಎಂದರೆ ಹರಳಿಗೆ ಉಜ್ಜಿ ಮಾಡಿದ ಚಪ್ಪಟೆ ಮುಖಗಳ, ಅಂಚು ನೋಡಿ. ಮಾಣಿಕ್ಯದ ಗಡಸುತನ ಹತ್ತರವರೆಗಿನ ಮೋಸ್ ಅಳತೆಯಲ್ಲಿ 9, ವಜ್ರ ಬಿಟ್ಟರೆ ಒಡವೆಗೆ ಬಳಸುವ ಭೂಮಿಯ ಹರಳುಗಳಲ್ಲಿ ಇದಕ್ಕಿಂತ ಗಟ್ಟಿ ಇಲ್ಲ. ಮನೆಯ ಧೂಳಿನಲ್ಲಿರುವ ಮರಳಿನ ಕಣಗಳ ಗಡಸುತನ 7, ಗಾಜಿನದ್ದು ಐದೂವರೆಯ ಆಸುಪಾಸು. ಆದ್ದರಿಂದ ಎಂಬತ್ತು ವರ್ಷ ಕಿವಿಯಲ್ಲಿದ್ದ ಗಾಜಿನ ಅಂಚು ಸವೆದು ದುಂಡಗಾಗಿರುತ್ತದೆ, ಮೇಲ್ಮೈ ಗೀರುಗೀರಾಗಿರುತ್ತದೆ. ಮಾಣಿಕ್ಯದ ಅಂಚು ಇನ್ನೂ ಹರಿತವಾಗಿರುತ್ತದೆ.

ಎರಡನೆಯದು ಯುವಿ ಟಾರ್ಚ್, ನೋಟು ಪರೀಕ್ಷೆಗೆ ಬಳಸುವಂಥದ್ದು. 365 ನ್ಯಾನೋಮೀಟರಿನದ್ದಾದರೆ ಒಳ್ಳೆಯದು. 395ರದ್ದರಲ್ಲಿ ನೇರಳೆ ಬೆಳಕು ಬೆರೆತು ಕಣ್ಣು ಮೋಸ ಹೋಗುತ್ತದೆ. ಕತ್ತಲೆ ಕೋಣೆಯಲ್ಲಿ ಹಿಡಿದಾಗ ಕುಲುಮೆಯ ಮಾಣಿಕ್ಯ ಊದಿದ ಕೆಂಡದ ಹಾಗೆ ಹೊಳೆಯುತ್ತದೆ. ಬರ್ಮಾದ ಮಾಣಿಕ್ಯವೂ ಚೆನ್ನಾಗಿ ಹೊಳೆಯುತ್ತದೆ. ಕಬ್ಬಿಣದ ಅಂಶ ಹೆಚ್ಚಿರುವ ಥಾಯ್ಲೆಂಡಿನದ್ದು ಮಂಕಾಗಿ ಹೊಳೆಯುತ್ತದೆ ಅಥವಾ ಹೊಳೆಯುವುದೇ ಇಲ್ಲ. ಗಾರ್ನೆಟ್ ಸುಮ್ಮನಿರುತ್ತದೆ. ಕೆಂಪು ಸ್ಪಿನೆಲ್ ಮಾತ್ರ ಮಾಣಿಕ್ಯದಂತೆಯೇ ಹೊಳೆಯುವುದರಿಂದ ಮೂರನೆಯ ಪರೀಕ್ಷೆ ಬೇಕು: ಪೋಲರೈಸ್ಡ್ ತಂಪುಕನ್ನಡಕದ ಒಂದು ಗಾಜಿನ ಮೂಲಕ, ಬೆಳಕಿಗೆ ಹಿಡಿದ ಹರಳನ್ನು ನೋಡುತ್ತಾ ಗಾಜನ್ನು ನಿಧಾನಕ್ಕೆ ತಿರುಗಿಸಿ. ಮಾಣಿಕ್ಯದ ಕೆಂಪು ಒಮ್ಮೆ ನೇರಳೆ ಛಾಯೆಗೂ ಒಮ್ಮೆ ಕಿತ್ತಳೆ ಛಾಯೆಗೂ ವಾಲುತ್ತದೆ. ಸ್ಪಿನೆಲ್, ಗಾರ್ನೆಟ್, ಗಾಜು ಮೂರರಲ್ಲೂ ಬಣ್ಣ ಕದಲುವುದಿಲ್ಲ. ಒಂದು ದಿಕ್ಕಿನಲ್ಲಿ ಮಾಣಿಕ್ಯವೂ ಕದಲದಿರಬಹುದು, ಅದಕ್ಕೆ ಹರಳನ್ನು ಮಗುಚಿ ಮೂರು ದಿಕ್ಕಿನಿಂದ ನೋಡಬೇಕು. ನಾಲ್ಕನೆಯದು ಗಾರ್ನೆಟ್ಟಿಗೆ ಮಾತ್ರ: ಬಟ್ಟಲಿನ ನೀರಿನಲ್ಲಿ ಥರ್ಮೋಕೋಲ್ ಚೂರು ತೇಲಿಸಿ, ಹರಳನ್ನು ಅದರ ಮೇಲಿಟ್ಟು, ನಿಯೋಡಿಮಿಯಂ ಅಯಸ್ಕಾಂತವನ್ನು ಮುಟ್ಟದಂತೆ ಹತ್ತಿರ ತನ್ನಿ. ಕೆಂಪು ಗಾರ್ನೆಟ್ ತೇಲುತ್ತಾ ಅಯಸ್ಕಾಂತದ ಕಡೆ ಬರುತ್ತದೆ, ಮಾಣಿಕ್ಯ ನಿಂತಲ್ಲೇ ನಿಲ್ಲುತ್ತದೆ.

ಹಾಲಿಗೆ ಹಾಕಿದರೆ ಹಾಲು ಕೆಂಪಾಗುತ್ತದೆ, ಗಾಜಿನ ಮೇಲೆ ಗೀರು ಬಿದ್ದರೆ ಅಸಲಿ ಎಂಬ ಮಾತುಗಳನ್ನು ನಂಬಬೇಡಿ. ಕುಲುಮೆಯದ್ದೂ ಗಾಜನ್ನು ಗೀರುತ್ತದೆ, ಏಕೆಂದರೆ ಅದೂ ಮಾಣಿಕ್ಯವೇ. ಧಾತುವಿನಲ್ಲಿ ವ್ಯತ್ಯಾಸವಿಲ್ಲ, ಹುಟ್ಟಿನಲ್ಲಿ ಮಾತ್ರ. ಆ ಹುಟ್ಟನ್ನು ಹೇಳುವುದು ಒಳಗಿನ ಗುರುತುಗಳು. ಬಿಳಿ ಪಿಂಗಾಣಿಯಲ್ಲಿ ನೀರು ಹಾಕಿ ಹರಳನ್ನು ಮುಳುಗಿಸಿ, ಬದಿಯಿಂದ ಬೆಳಕು ಬಿಟ್ಟು, ಲೂಪಿನಲ್ಲಿ ಹೊರಳಿಸಿ ಹೊರಳಿಸಿ ನೋಡಿ. ಬಾಗಿದ ಗೆರೆಗಳು, ಗ್ರಾಮಫೋನ್ ತಟ್ಟೆಯ ಗೀರುಗಳಂತೆ, ಅಥವಾ ಗುಂಡಗಿನ ಗಾಳಿಗುಳ್ಳೆಗಳು ಕಂಡರೆ ಅದು ಕುಲುಮೆಯದ್ದು. ಭೂಮಿಯ ಹರಳಿನಲ್ಲಿ ಬೆಳವಣಿಗೆಯ ಗೆರೆಗಳು ನೇರವಾಗಿರುತ್ತವೆ, ಮೂಲೆಯಲ್ಲಿ 120 ಡಿಗ್ರಿಗೆ ಮುರಿಯುತ್ತವೆ. ಕೂದಲಿಗಿಂತ ತೆಳುವಾದ ಸೂಜಿಗಳ ಜಾಲ ಇರಬಹುದು, ಅದನ್ನು 'ಸಿಲ್ಕ್' ಎನ್ನುತ್ತಾರೆ. ಬೆರಳಚ್ಚಿನಂತೆ ಕಾಣುವ ಗಾಯದ ಗುರುತುಗಳೂ ಇರಬಹುದು. 3 ಮಿಲಿಮೀಟರಿನ ಹರಳಿನಲ್ಲಿ ಇಷ್ಟನ್ನು ಕಾಣಲು ತಾಳ್ಮೆ ಬೇಕು. ಕಾಣದಿದ್ದರೆ ಲ್ಯಾಬಿಗೆ ಬಿಡುವುದು ಉತ್ತಮ.

ಈಗ ಬಣ್ಣ. ಮಾಣಿಕ್ಯ ಎಂಬುದು ಕುರುಂದ ಎಂಬ ಖನಿಜದ ಕೆಂಪು ರೂಪ. ಶುದ್ಧ ಕುರುಂದಕ್ಕೆ ಬಣ್ಣವೇ ಇಲ್ಲ. ಅದರ ಅಲ್ಯುಮಿನಿಯಂನ ಜಾಗದಲ್ಲಿ ಸ್ವಲ್ಪ, ಸಾಮಾನ್ಯವಾಗಿ ನೂರಕ್ಕೆ ಒಂದಂಶದಷ್ಟೂ ಇಲ್ಲದ ಕ್ರೋಮಿಯಂ ಕೂತರೆ ಕೆಂಪು ಹುಟ್ಟುತ್ತದೆ. ಕ್ರೋಮಿಯಂ ಹಸಿರು ಮತ್ತು ನೇರಳೆ ಬೆಳಕನ್ನು ನುಂಗಿ ಕೆಂಪನ್ನು ಬಿಡುತ್ತದೆ. ಅಷ್ಟೇ ಅಲ್ಲ, ನುಂಗಿದ್ದರ ಒಂದು ಪಾಲನ್ನು ಮತ್ತೆ ಕೆಂಪು ಬೆಳಕಾಗಿ ಹೊರಗೆ ಬಿಡುತ್ತದೆ. 1960ರಲ್ಲಿ ಜಗತ್ತಿನ ಮೊದಲ ಲೇಸರ್ ಕಿರಣ ಹೊರಟದ್ದು ಕುಲುಮೆಯ ಮಾಣಿಕ್ಯದ ಕಡ್ಡಿಯಿಂದ, ಇದೇ ಗುಣದಿಂದ. ಬರ್ಮಾದ ಮೊಗೋಕ್‌ನ ಮಾಣಿಕ್ಯ ಅಮೃತಶಿಲೆಯೊಳಗೆ ಹುಟ್ಟಿದ್ದು, ಅದರಲ್ಲಿ ಕಬ್ಬಿಣ ತೀರಾ ಕಡಿಮೆ, ಹಾಗಾಗಿ ಬಿಸಿಲಿಗೆ ಹಿಡಿದರೆ ಒಳಗಿಂದಲೇ ದೀಪ ಹಚ್ಚಿದಂತೆ ಇರುತ್ತದೆ. ಕಬ್ಬಿಣ ಈ ಹೊಳಪನ್ನು ಆರಿಸುತ್ತದೆ. ಥಾಯ್ಲೆಂಡಿನ ಮಾಣಿಕ್ಯ ಅದಕ್ಕೇ ಗಾಢವಾಗಿ, ಒಂದಿಷ್ಟು ಕಂದಾಗಿ ಕಾಣುವುದು. 2009ರ ನಂತರ ಪೇಟೆಗೆ ಹೇರಳವಾಗಿ ಬಂದ ಮೊಜಾಂಬಿಕ್‌ನ ಮೊಂಟೆಪುಯೆಜ್ ಮಾಣಿಕ್ಯ ಇವೆರಡರ ನಡುವೆ ನಿಲ್ಲುತ್ತದೆ. ಮೈಸೂರು ಸೀಮೆಯ ಕೆಂಪು ಬಹುಪಾಲು ಮಬ್ಬು, ನೇರಳೆ ಮಿಶ್ರಿತ. ಗುಮ್ಮಟದಂತೆ ಉಜ್ಜುವುದಕ್ಕೆ, ನಕ್ಷತ್ರ ಮೂಡುವ ಹರಳಿಗೆ ಸರಿ. ಸುಬ್ರಹ್ಮಣ್ಯ ಕಡೆಯ ಕಾಡಿನ ಹರಳುಕಲ್ಲೆಂದು ಯಾರಾದರೂ ಮನೆಗೆ ತಂದರೆ ಮುಟ್ಟಲು ಹೋಗಬೇಡಿ. ಅರಣ್ಯದಲ್ಲಿ ಅಗೆಯುವುದೇ ಅಪರಾಧ, ಬೆಂಡೋಲೆಗೆ ಬೇಕಾದ ಪಾರದರ್ಶಕ ಹರಳು ಅದರಲ್ಲಿ ಸಿಗುವುದೂ ಅಪರೂಪ.

ಬಣ್ಣ ನೋಡುವಾಗ ಮೂರು ಸಂಗತಿಗಳನ್ನು ಬೇರೆ ಬೇರೆಯಾಗಿ ಗಮನಿಸಿ: ಯಾವ ಕೆಂಪು, ಎಷ್ಟು ಗಾಢ, ಎಷ್ಟು ಶುದ್ಧ. ಹಳೆಯ ರತ್ನಪರೀಕ್ಷೆಯವರು ದಾಸವಾಳ, ಗುಲಗುಂಜಿ, ದಾಳಿಂಬೆ ಬೀಜ, ಇಂದ್ರಗೋಪದ ಕೆಂಪು ಹುಳು ಎಂದು ಹೋಲಿಕೆ ಕೊಟ್ಟದ್ದು ಸುಮ್ಮನೆ ಅಲ್ಲ. ನಮ್ಮ ಕಡೆಯ ಹೋಲಿಕೆಯಲ್ಲೇ ಹೇಳುವುದಾದರೆ, ಕೇಪಳ ಹೂವಿನತ್ತ ವಾಲಿದರೆ ಕಿತ್ತಳೆ ಹೆಚ್ಚಾಯಿತು. ನೀರು ಹೆಚ್ಚಾದ ಪುನರ್ಪುಳಿ ಶರಬತ್ತಿನಂತಿದ್ದರೆ ಅದು ಗುಲಾಬಿ ನೀಲಮಣಿಯ (ಪಿಂಕ್ ಸಫೈರ್) ಗಡಿ. ಅದನ್ನು ಮಾಣಿಕ್ಯವೆನ್ನಬೇಕೋ ಬೇಡವೋ ಎಂಬಲ್ಲಿ ಲ್ಯಾಬುಗಳೇ ಒಂದೇ ಮಾತು ಹೇಳುವುದಿಲ್ಲ. ಹಳೆ ಬೆಲ್ಲದ ಕಂದು ಕಂಡರೆ ಗಾರ್ನೆಟ್ಟೋ ಎಂದು ನೋಡಿ. ಒಳ್ಳೆಯ ಮಾಣಿಕ್ಯ ನಡು ಗಾಢದ್ದು, ಕೆಂಪಿನ ಹಿಂದೆ ಅತಿ ಸಣ್ಣ ನೇರಳೆ ನೆರಳು, ಕಂದಿನ ಸುಳಿವಿಲ್ಲದ್ದು. ಅತ್ಯುತ್ತಮ ಕೆಂಪಿಗೆ ಹೇಳುವ 'ಪಾರಿವಾಳದ ರಕ್ತ' ಎಂಬ ಹೆಸರು ಕೇಳಿ ಬೆಲೆ ಒಪ್ಪಬೇಡಿ. ಲ್ಯಾಬಿಗೊಂದು ಅಳತೆ ಇದೆ, ಅಂಗಡಿಯವರ ಬಾಯಲ್ಲಿ ಅಳತೆಯೇ ಇಲ್ಲ.

ಬೆಳಕಿನ ಮಾತನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ, ಅಲ್ಲೇ ಹಣ ಹೋಗುತ್ತದೆ. ಅಂಗಡಿಯ ಹಳದಿ ದೀಪದ ಕೆಳಗೆ ಯಾವ ಕೆಂಪೂ ಚೆಂದವೇ. ಹಳದಿ ಕಾಗದ, ಹಿತ್ತಾಳೆ ತಟ್ಟೆಯ ಮೇಲಿಟ್ಟರೆ ನೇರಳೆ ಛಾಯೆ ಅಡಗಿ ಹರಳು ಇನ್ನೂ ಕೆಂಪಾಗುತ್ತದೆ. ಬಿಳಿ ಕಾಗದ ಕೇಳಿ. ಇನ್ನು, ಮನೆಗೆ ತಂದು ಜಗಲಿಯಲ್ಲಿ ಕೂತು ನೋಡುತ್ತೀರಾದರೆ ಒಂದು ಎಚ್ಚರಿಕೆ: ಅಡಿಕೆ ತೋಟದ ನಡುವಿನ ಮನೆಯ ಬೆಳಕು ಸೋಗೆಗಳ ನಡುವೆ ಸೋಸಿ ಹಸಿರಾಗಿ ಬಂದದ್ದು. ಹಸಿರು ಬೆಳಕನ್ನು ಮಾಣಿಕ್ಯ ನುಂಗುವುದರಿಂದ ಒಳ್ಳೆಯ ಹರಳೂ ಅಲ್ಲಿ ಮಂಕಾಗಿ, ಕಪ್ಪಾಗಿ ಕಾಣುತ್ತದೆ. ಆಟಿಯ ಮೋಡದ ದಿನ ಬೇಡವೇ ಬೇಡ. ಬೆಳಿಗ್ಗೆ ಹತ್ತರಿಂದ ಮೂರರೊಳಗೆ, ತೆರೆದ ಅಂಗಳದಲ್ಲಿ, ಬಿಸಿಲಿಗೆ ಬೆನ್ನು ಹಾಕಿ, ನಿಮ್ಮ ನೆರಳಿನಲ್ಲಿ ಬಿಳಿ ಕಾಗದ ಹಿಡಿದು ನೋಡಿ. ಅದೇ ಹರಳನ್ನು ಆಮೇಲೆ ನೇರ ಬಿಸಿಲಿನಲ್ಲೂ, ರಾತ್ರಿ ದೀಪದಲ್ಲೂ ನೋಡಿ. ಜೋಡಿಸಬೇಕಾದ ಹಳೆ ಹರಳು ಮೂರು ಸಲವೂ ಪಕ್ಕದಲ್ಲಿರಬೇಕು. ನೆರಳಿನಲ್ಲಿ ತದ್ರೂಪವಾಗಿದ್ದ ಬರ್ಮಾ ಮತ್ತು ಥಾಯ್ ಹರಳುಗಳು ಬಿಸಿಲಿಗೆ ಬಂದೊಡನೆ ಬೇರೆಯಾಗುತ್ತವೆ: ಒಂದು ಉರಿಯುತ್ತದೆ, ಇನ್ನೊಂದು ಕೂತಲ್ಲೇ ಕೂರುತ್ತದೆ.

400 ರೂಪಾಯಿಯದ್ದು ಹೆಚ್ಚು ಕೆಂಪಾಗಿ ಕಂಡದ್ದಕ್ಕೆ ಕಾರಣ ಬಹುಮಟ್ಟಿಗೆ ಸೀಸದ ಗಾಜು. 2004ರ ಸುಮಾರಿಗೆ ಈ ಪದ್ಧತಿ ಪೇಟೆಗೆ ಬಂತು. ಬಿರುಕಿನಿಂದ ತುಂಬಿದ, ಹರಳಾಗುವ ಯೋಗ್ಯತೆಯೇ ಇಲ್ಲದ ಕುರುಂದವನ್ನು ಆಮ್ಲದಲ್ಲಿ ತೊಳೆದು, ಸೀಸ ಬೆರೆತ ಗಾಜನ್ನು ಕರಗಿಸಿ ಬಿರುಕಿನೊಳಗೆ ಹರಿಸುತ್ತಾರೆ. ಆ ಗಾಜು ಬೆಳಕನ್ನು ಬಗ್ಗಿಸುವ ಪ್ರಮಾಣ ಮಾಣಿಕ್ಯದ್ದಕ್ಕೆ ಹತ್ತಿರ, ಹಾಗಾಗಿ ಬಿರುಕು ಕಣ್ಣಿಗೆ ಮಾಯ. ಲೂಪಿನಲ್ಲಿ ಹರಳನ್ನು ಓರೆ ಮಾಡುತ್ತಾ ಹೋದರೆ ಬಿರುಕಿನ ಜಾಡಿನಲ್ಲಿ ಫಕ್ಕನೆ ನೀಲಿ ಮಿಂಚು, ಕೆಲವೊಮ್ಮೆ ಕಿತ್ತಳೆ ಮಿಂಚು ಹಾದುಹೋಗುತ್ತದೆ. ಚಪ್ಪಟೆಯಾದ ಗಾಳಿಗುಳ್ಳೆಗಳು ಕಾಣುತ್ತವೆ. ಮೇಲ್ಮೈಯಲ್ಲಿ ಬೆಳಕು ಪ್ರತಿಫಲಿಸುವಂತೆ ಹಿಡಿದರೆ ಗಾಜಿನ ಗೆರೆಗಳು ಸುತ್ತಲಿನ ಹರಳಿಗಿಂತ ಮಂಕಾಗಿರುತ್ತವೆ. ಇದನ್ನು 'ಭೂಮಿಯ ಮಾಣಿಕ್ಯ' ಎಂದರೆ ಅರ್ಧಸತ್ಯ. ಬೆಸುಗೆಯ ಉರಿ ತಾಗಿದರೆ ಗಾಜು ಉಕ್ಕಿ ಬರುತ್ತದೆ. ಬೆಸುಗೆಯ ನಂತರ ಒಡವೆ ಅದ್ದುವ ತೆಳು ಗಂಧಕಾಮ್ಲ ಅದನ್ನು ತಿನ್ನುತ್ತದೆ. ಲಿಂಬೆರಸ ಕೂಡಾ ಕಾಲಕ್ರಮೇಣ ತಿನ್ನುತ್ತದೆ. ಆಗ ಮುಚ್ಚಿದ್ದ ಬಿರುಕುಗಳು ಬಿಳಿ ಜೇಡರಬಲೆಯಂತೆ ಮೇಲೆ ಬರುತ್ತವೆ, ಅದನ್ನು ಸರಿಪಡಿಸುವ ದಾರಿಯಿಲ್ಲ. ಅಡುಗೆಮನೆಯಲ್ಲಿ, ಬಚ್ಚಲಿನಲ್ಲಿ, ನಿತ್ಯ ಕಿವಿಯಲ್ಲಿರುವ ಬೆಂಡೋಲೆಗೆ ಈ ಹರಳನ್ನು ನಾನು ಯಾರಿಗೂ ಹೇಳುವುದಿಲ್ಲ. ಇದಕ್ಕಿಂತ ಕುಲುಮೆಯದ್ದೆಂದು ಹೇಳಿಯೇ ಕೊಡುವ ಮಾಣಿಕ್ಯ ಎಲ್ಲ ರೀತಿಯಿಂದಲೂ ಮೇಲು.

9,000ದ್ದು ಬಿಸಿ ಮಾಡಿದ ಮಾಣಿಕ್ಯವಿರಬಹುದು. ಬಿಸಿ ಮಾಡುವುದು ಬೇರೆ ಮಾತು, ಅದಕ್ಕೆ ಹೆದರಬೇಡಿ. ಸಿಂಹಳದವರು ಊದುಕೊಳವೆಯಿಂದ ಉರಿ ಊದಿ ನೀಲಿ ಛಾಯೆ ಕಳೆಯುತ್ತಿದ್ದದ್ದು ಹಳೆಯ ವಿದ್ಯೆ. 1990ರ ದಶಕದಲ್ಲಿ ಬರ್ಮಾದ ಮೊಂಗ್ ಸು ಗಣಿಯ ಹರಳುಗಳು ಪೇಟೆ ತುಂಬಿದ್ದೇ ಅವುಗಳ ನಡುವಿನ ನೀಲಿ ಕಲೆ ಬಿಸಿಗೆ ಹೋಗುತ್ತದೆಂದು ತಿಳಿದ ಮೇಲೆ. ಬಣ್ಣ ಶಾಶ್ವತ, ಗಡಸುತನಕ್ಕೆ ಕೊರತೆಯಿಲ್ಲ. ಆದರೆ ಬಿಸಿ ಮಾಡುವಾಗ ಬಿಳಿಗಾರ ಹಾಕಿ ಬಿರುಕು ಬೆಸೆದಿದ್ದರೆ ಬೆಲೆ ಇಳಿಯಬೇಕು, ಅದನ್ನು ಕೇಳಿ. ಬಿಸಿ ಮಾಡದ್ದಕ್ಕೆ ಹಲವು ಪಟ್ಟು ಬೆಲೆ ಇದೆ. 3 ಮಿಲಿಮೀಟರಿನ ಹರಳಿಗೆ ಆ ಬೆಲೆ ತೆರುವುದರಲ್ಲಿ ಅರ್ಥವಿಲ್ಲ.

ಒಳಗಿನ ಶುದ್ಧತೆಯ ಬಗ್ಗೆ: ವಜ್ರದ ಅಳತೆಯನ್ನು ಮಾಣಿಕ್ಯಕ್ಕೆ ಹಾಕಬೇಡಿ. ಒಂದಿಷ್ಟು ಸಿಲ್ಕ್, ಒಂದೆರಡು ಕಲೆ ಇರುವುದೇ ಸಹಜ. ದೊಡ್ಡದು, ಪೂರ್ತಿ ಸ್ವಚ್ಛ, ಅಗ್ಗ ಈ ಮೂರೂ ಒಟ್ಟಿಗೆ ಬಂದರೆ ಅನುಮಾನಿಸಿ. ಮೇಲ್ಮೈಗೆ ಬಂದು ಮುಟ್ಟುವ ಬಿರುಕು ಮಾತ್ರ ಬೇಡ, ಕಟ್ಟುವಾಗ ಒತ್ತಡಕ್ಕೆ ಅಲ್ಲೇ ಚಕ್ಕೆ ಏಳುತ್ತದೆ. ಪಟ್ಟೆ ಹೊಡೆದ ರೀತಿ ನೋಡಲು ಹರಳನ್ನು ಪತ್ರಿಕೆಯ ಅಕ್ಷರದ ಮೇಲಿಡಿ. ನಡುವಿನಿಂದ ಅಕ್ಷರ ಓದಲು ಬಂದರೆ ಬೆಳಕು ಹಿಂದಿರುಗದೆ ಸೋರುತ್ತಿದೆ ಎಂದರ್ಥ. ಬೆನ್ನಿಗೆ ತಗಡಿರುವ ಕಟ್ಟಿನಲ್ಲಿ ಈ ದೋಷ ಅಷ್ಟಾಗಿ ಕಾಣದು, ಬೆನ್ನು ತೆರೆದ ಉಂಗುರದಲ್ಲಿ ನಡು ಬರಿದಾಗಿ ಕಾಣುತ್ತದೆ.

ಜೋಡಿಸುವ ವಿಷಯದಲ್ಲಿ ನನ್ನ ಸಲಹೆ ಸೀದಾ ಇದೆ. ಉಳಿದ ಹನ್ನೊಂದು ಕುಲುಮೆಯವಾದರೆ ಮೂರೂ ಕುಲುಮೆಯವನ್ನೇ ಹಾಕಿಸಿ. ಅವುಗಳ ನಡುವೆ ಭೂಮಿಯ ಹರಳು ಹಾಕಿದರೆ ದುಬಾರಿಯದ್ದೇ ಮಂಕಾಗಿ, ಹೊರಗಿನದ್ದಾಗಿ ಕಾಣುತ್ತದೆ. ಉಳಿದವು ಭೂಮಿಯ ಮಾಣಿಕ್ಯವಾದರೆ ಬಿಸಿ ಮಾಡಿದ, ಗಾಜು ತುಂಬದ ಹರಳನ್ನು ಹುಡುಕಿಸಿ, ಯುವಿ ಬೆಳಕಿನಲ್ಲೂ ಹಳೆಯದರ ಜೊತೆ ಹೋಲಿಸಿ. ಸ್ಪಿನೆಲ್ ಅಥವಾ ಗಾರ್ನೆಟ್ ಎಂದು ತಿಳಿದರೆ ಅದನ್ನೇ ತನ್ನಿ, ಕೀಳರಿಮೆ ಬೇಡ.

ಅಳತೆ ವರ್ನಿಯರ್ ಕ್ಯಾಲಿಪರಿನಲ್ಲಿ 0.1 ಮಿಲಿಮೀಟರಿನವರೆಗೆ ಬೇಕು. ಹಳೆ ಹರಳು ಕೈಯಲ್ಲಿ ಉಜ್ಜಿದ್ದು, ಒಂದು 2.9 ಇದ್ದರೆ ಪಕ್ಕದ್ದು 3.1 ಇರುತ್ತದೆ. ಖಾಲಿ ಗೂಡನ್ನೇ ಅಳೆದು ಅದಕ್ಕಿಂತ ಕೂದಲೆಳೆ ಸಣ್ಣದನ್ನು ತೆಗೆದುಕೊಳ್ಳಿ, ಸಂದಿಯನ್ನು ಚಿನ್ನ ಮುಚ್ಚುತ್ತದೆ. ದೊಡ್ಡದನ್ನು ಒತ್ತಿ ಕೂರಿಸಿದರೆ ಹಳೆಯ ತೆಳು ಗೋಡೆ ಹರಿಯುತ್ತದೆ. ತೂಕ ಅಂದಾಜು ಮಾಡಲು ಒಂದು ಲೆಕ್ಕ: ದುಂಡು ಪಟ್ಟೆಯ ಹರಳಿನ ವ್ಯಾಸವನ್ನು ವ್ಯಾಸದಿಂದ, ಅದನ್ನು ಎತ್ತರದಿಂದ, ಆಮೇಲೆ 4ರಿಂದ, ಕೊನೆಗೆ 0.0018ರಿಂದ ಗುಣಿಸಿ. 3 ಮಿಲಿಮೀಟರ್ ಅಗಲ, 1.8 ಎತ್ತರದ ಮಾಣಿಕ್ಯ ಸುಮಾರು 0.12 ಕ್ಯಾರೆಟ್. ಮೂರಕ್ಕೆ ಅರ್ಧ ಕ್ಯಾರೆಟ್ಟೂ ಆಗುವುದಿಲ್ಲ. ಒಂದು ಕ್ಯಾರೆಟ್ ಎಂದರೆ 0.2 ಗ್ರಾಂ. ರತ್ತಿ ಎಂಬ ಹಳೆಯ ತೂಕದ ಲೆಕ್ಕದಲ್ಲಿ ಬೆಲೆ ಹೇಳಿದರೆ ಒಪ್ಪಬೇಡಿ, ರತ್ತಿ ಎಲ್ಲ ಕಡೆ ಒಂದೇ ಅಲ್ಲ.

ಆಚಾರಿಯವರಿಗೆ ಎರಡು ಮಾತು ಮೊದಲೇ ಹೇಳಿ. ತಿರುಪು ಅಥವಾ ಕಡ್ಡಿಗೆ ಬೆಸುಗೆ ಬೇಕಿದ್ದರೆ ಎಲ್ಲ ಹರಳನ್ನೂ ಬಿಚ್ಚಿದ ಮೇಲೆಯೇ ಉರಿ ಹಿಡಿಯಬೇಕು. ಮಾಣಿಕ್ಯ ಬಿಸಿ ತಾಳುತ್ತದೆಂಬ ಧೈರ್ಯದಲ್ಲಿ ಹರಳಿನ ಮೇಲೆ ಬಿಳಿಗಾರ ಬಿದ್ದ ಹಾಗೇ ಕಾಯಿಸಿದರೆ ಬಿಳಿಗಾರ ಕರಗಿ ಹರಳಿನ ಮೈಯನ್ನೇ ತಿಂದು ಹುಳುಕು ಮಾಡುತ್ತದೆ. ಎರಡನೆಯದು, ಹೊಸ ಮೂರಕ್ಕೆ ಮಾತ್ರ ಹೊಸ ತಗಡು ಹಾಕಿದರೆ ಅವು ಮಾತ್ರ ಎದ್ದು ಕಾಣುತ್ತವೆ. ಖರ್ಚು ಸ್ವಲ್ಪ ಹೆಚ್ಚಾದರೂ ಹದಿನಾಲ್ಕಕ್ಕೂ ಒಟ್ಟಿಗೆ ತಗಡು ಬದಲಿಸಿಕೊಳ್ಳಿ.

ಬಿಲ್ಲಿನಲ್ಲಿ ಹರಳಿನ ಹೆಸರು, ಭೂಮಿಯದ್ದೋ ಕುಲುಮೆಯದ್ದೋ, ಬಿಸಿ ಅಥವಾ ಗಾಜಿನ ವಿವರ, ಕ್ಯಾರೆಟ್ ತೂಕ, ಚಿನ್ನದ ತೂಕ ಬೇರೆಯಾಗಿ ಇರಬೇಕು. ಬಿಐಎಸ್ ಹಾಲ್‌ಮಾರ್ಕ್ ಮತ್ತು ಎಚ್‌ಯುಐಡಿ ಎಂಬ ಆರು ಅಂಕಿ-ಅಕ್ಷರಗಳ ಗುರುತು ಒಡವೆಯ ಚಿನ್ನದ ಶುದ್ಧತೆಗೆ ಮಾತ್ರ, ಹರಳಿಗೆ ಯಾವ ಭರವಸೆಯೂ ಅಲ್ಲ. ಇಷ್ಟು ಸಣ್ಣ ಹರಳಿಗೆ ಒಂದೊಂದಕ್ಕೂ ಲ್ಯಾಬ್ ವರದಿ ಮಾಡಿಸಬೇಕಿಲ್ಲ. ಬಿಚ್ಚಿದ ಹಳೆಯದೊಂದನ್ನು, ಹೊಸದೊಂದನ್ನು ಪರೀಕ್ಷಿಸಿದರೆ ಸಾಕು. ವರದಿಯಲ್ಲಿ ವಕ್ರೀಭವನ (ಬೆಳಕನ್ನು ಬಗ್ಗಿಸುವ ಪ್ರಮಾಣ) 1.76ರಿಂದ 1.77ರ ನಡುವೆ, ಸಾಂದ್ರತೆ 4ರ ಹತ್ತಿರ ಇದ್ದರೆ ಅದು ಕುರುಂದ. ಆದರೆ ಕುಲುಮೆಯದ್ದಕ್ಕೂ ಅದೇ ಅಂಕಿ ಬರುವುದರಿಂದ, 'ಟೀಕೆ' (ಕಾಮೆಂಟ್ಸ್) ಎಂಬ ಸಾಲನ್ನು ತಪ್ಪದೆ ಓದಿ.

ಕಟ್ಟಿ ಬಂದ ಮೇಲೆ ಬೆಂಡೋಲೆಯನ್ನು ಅಂಟುವಾಳದ ನೀರಿನಲ್ಲಿ ನೆನೆಹಾಕುವ ಅಭ್ಯಾಸ ಬಿಡಿ. ಅಂಟುವಾಳ ಹರಳಿಗೆ ಕೆಟ್ಟದಲ್ಲ, ನೀರು ತಗಡಿಗೆ ಕೆಟ್ಟದ್ದು. ಸಾಬೂನು ನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ, ಮುಖ ಕೆಳಗೆ ಮಾಡಿ ನೆರಳಿನಲ್ಲಿ ಒಣಗಿಸಿ. ತಲೆಗೆ ಎಣ್ಣೆ ಹಚ್ಚುವ ದಿನ ತೆಗೆದಿಡಿ. ವಜ್ರದ ಮೂಗುಬೊಟ್ಟಿನ ಜೊತೆ ಒಂದೇ ಡಬ್ಬಿಯಲ್ಲಿ ಹಾಕಬೇಡಿ, ವಜ್ರ ಮಾಣಿಕ್ಯಕ್ಕೂ ಗೀರು ಹಾಕುತ್ತದೆ.